ಸುಮ್ಮನೆ ಕೂತಿದ್ದಕ್ಕೆ

ನಮ್ಮ ಬೆಳಗೋಡು ಕಡೆ ಹೆಂಗಸನ್ನು ಹೊಗಳುವುದಕ್ಕೆ ಒಂದೇ ಮಾತು: "ಅವ್ಳು ಕೂತಿದ್ದೇ ನೋಡಿಲ್ಲ." ನನ್ನ ಗಂಡ ನೆಂಟರೆದುರು ಹಾಗೆನ್ನುವಾಗ ನಾನೂ ಒಳಗೊಳಗೇ ಉಬ್ಬುತ್ತಿದ್ದೆ. ಅದು ಬಾಯಿಮಾತಲ್ಲ, ನಿಜ ಎಂದು ತಿಳಿದದ್ದು ಈ ವರ್ಷ.

ಕಾಫಿ ಕೊಯ್ಲು ಮುಗಿದಿತ್ತು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಜಗಲಿಗೆ ಬಂದೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿತ್ತು. ಆ ಘಮಕ್ಕೆ ಕಾಲು ನಿಂತುಬಿಟ್ಟಿತು. ಕೂತೆ. ಕೈಯಲ್ಲಿ ಮೊರವಿಲ್ಲ, ಸೊಪ್ಪಿಲ್ಲ, ಫೋನೂ ಇಲ್ಲ.

ತೋಟದಿಂದ ಬಂದ ಗಂಡ ಅಂಗಳದಲ್ಲೇ ನಿಂತರು. "ಏನಾಯ್ತೇ?"

"ಏನಿಲ್ಲ ಕಣ್ರೀ, ಸುಮ್ನೆ ಕೂತಿದೀನಿ."

"ಸುಮ್ನೆ?" ಅವರ ಮುಖ ಬಿಳಿಚಿತು. "ಎದೆ ನೋವೈತಾ? ಎಡಗೈ ಜೋಮು ಹಿಡ್ದೈತಾ?"

ಇಲ್ಲ ಎಂದಷ್ಟೂ ಅವರ ಗಾಬರಿ ಹೆಚ್ಚಿತು. ಹೈಸ್ಕೂಲಿಗೆ ಹೋಗುವ ಮಗಳು ಓಡಿಬಂದು ನೋಡಿದವಳೇ ಅಳತೊಡಗಿದಳು. "ಅಪ್ಪಾ, ಅಮ್ಮ ಯಾಕೆ ಹಿಂಗ್ ಕೂತವ್ಳೆ?"

ಬೆಚ್ಚಿಬಿದ್ದೆ. ಹುಟ್ಟಿದಾಗಿನಿಂದ ಈ ಹುಡುಗಿ ನನ್ನನ್ನು ಖಾಲಿ ಕೈಯಲ್ಲಿ ಕಂಡೇ ಇಲ್ಲವೇ?

ಬೇಡವೆಂದರೂ ಕೇಳದೆ ಜೀಪು ಹತ್ತಿಸಿ ಸಕಲೇಶಪುರಕ್ಕೆ ಕರೆದೊಯ್ದರು. ಡಾಕ್ಟರಮ್ಮ ಬಿಪಿ, ಎದೆಬಡಿತ ಎಲ್ಲ ನೋಡಿ, "ಚೆನ್ನಾಗೇ ಇದಾರಲ್ರೀ, ಏನ್ ತೊಂದ್ರೆ?" ಎಂದರು.

"ಕೂತಿದ್ಲು ಮೇಡಂ," ಎಂದರು ನನ್ನ ಗಂಡ.

ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಡಾಕ್ಟರಮ್ಮ ನಗಲಿಲ್ಲ. ನನ್ನ ಮುಖವನ್ನೇ ನೋಡಿ, "ದಿನಾ ಮಧ್ಯಾಹ್ನ ಹಂಗೇ ಕೂರ್ಲಿ ಬಿಡಿ. ಯಾವ ಕೆಲಸಾನೂ ಹೇಳ್ಬೇಡಿ," ಎಂದರು.

ಮಾರನೆಯ ದಿನದಿಂದ ಗಂಡನದೇ ಕಾವಲು. "ಏಯ್, ಕೂತ್ಕಳೇ! ಡಾಕ್ಟ್ರು ಹೇಳವ್ರೆ." ಸುಮ್ಮನೆ ಕೂರುವುದಕ್ಕೂ ಡಾಕ್ಟರ ಅಪ್ಪಣೆ ಬೇಕೇ ಎಂದು ಮೈ ಉರಿಯಿತು. ಆದರೂ ಕೂತೆ. ಬಿಟ್ಟರೆ ಮತ್ತೆ ಸಿಗುವುದಿಲ್ಲ.

ಪಕ್ಕದಲ್ಲಿ ಅತ್ತೆ ಕಾಳುಮೆಣಸು ಕೇರುತ್ತಿದ್ದರು. ಎಪ್ಪತ್ತು ದಾಟಿದ ಜೀವ. ಮಗ ತೋಟಕ್ಕೆ ಇಳಿಯುವುದನ್ನೇ ಕಾದಿದ್ದು, ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು:

"ಅವ್ವಾ, ನನ್ನೂ ಒಂದ್ಸಲ ಆ ಡಾಕ್ಟ್ರ ತಾವ ಕರ್ಕಂಡೋಗ್ತೀಯಾ?"

ನನ್ನ ಎದೆ ಆಗ ನಿಜವಾಗಿಯೂ ಹೊಡೆದುಕೊಂಡಿತು. "ಏನಾಯ್ತತ್ತೆ? ಎಲ್ಲಿ ನೋವು?"

"ನೋವೇನಿಲ್ಲ ಕಣವ್ವ," ಎಂದರು, ಮೊರವನ್ನು ಕೈಯಿಂದ ಬಿಡದೆ. "ನಂಗೂ ಸುಮ್ನೆ ಕೂತ್ಕಬೇಕು."