ಎಡಗೈ ಕುಡುಗೋಲು

ಹುಲ್ಲು ಕೊಯ್ಯುವುದಕ್ಕೂ ಮೆಷಿನ್ನು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾವು ಬಿದ್ದು ಬಿದ್ದು ನಗುತ್ತಿದ್ದ ಕಾಲ ಅದು. ಆಗ ನಮ್ಮ ಕಡೆ ಒಬ್ಬ ಹುಡುಗಿ ಚುರುಕೋ ಸೋಮಾರಿಯೋ ಎಂದು ತಿಳಿಯಲು ಅವಳ ಮಾರ್ಕ್ಸ್ ಕಾರ್ಡು ಬೇಕಿರಲಿಲ್ಲ. ಸಂಜೆ ಅವಳು ತಲೆಯ ಮೇಲೆ ಹೊತ್ತು ತರುವ ಹುಲ್ಲಿನ ಹೊರೆ ನೋಡಿದರೆ ಸಾಕಿತ್ತು. ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಕುಡುಗೋಲು ಹಿಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನ್ನ ಹೊಟ್ಟೆಕಿಚ್ಚು ನಿಮಗೆ ಅರ್ಥವಾದೀತು. ಹಿಡಿಯದವರು ನನ್ನನ್ನು ಕೆಟ್ಟವಳು ಅಂದುಕೊಂಡರೂ ಸರಿಯೇ, ಆ ವರ್ಷ ನಾನು ಒಳ್ಳೆಯವಳೇನೂ ಆಗಿರಲಿಲ್ಲ.

ನಮ್ಮೂರು ಪಾಂಡವಪುರದ ಕಡೆಯದು, ನಾಲೆ ನೀರಿನ ಊರು. ಶ್ರಾವಣ ಬಂತೆಂದರೆ ಗದ್ದೆ ಬದುಗಳ ಮೇಲೆ ಮೊಣಕಾಲುದ್ದ ಹುಲ್ಲು. ಅಜ್ಜಿಯ ಹತ್ತಿರ ಒಂದು ಕುಡುಗೋಲಿತ್ತು. ಹಳೇ ಲಾರಿಯ ಪಟ್ಟಾ ಬಡಿದು ಮಾಡಿದ ಅಲಗು, ಜಾಲಿ ಮರದ ಹಿಡಿ. ಎಣ್ಣೆ, ಬೆವರು, ಹುಲ್ಲಿನ ರಸ ಎಲ್ಲ ಕುಡಿದು ಆ ಹಿಡಿ ಕಪ್ಪಗೆ ಮಿರಮಿರ ಅನ್ನುತ್ತಿತ್ತು, ಮೂಸಿದರೆ ಅಜ್ಜಿಯದೇ ವಾಸನೆ. "ನನ್ ಕೈಲಾಗ್ದೇ ಓದಾಗ ಇದು ನಿಂಗೇ ಕಣಮ್ಮಿ" ಎಂದು ಅಜ್ಜಿ ಹೇಳಿದ್ದಳು. ಆ ಮಾತನ್ನು ನಾನು ಅರ್ಧ ಊರಿಗೆ ಸಾರಿಕೊಂಡು ಬಂದಿದ್ದೆ. ಅಜ್ಜಿಯ ಕುಡುಗೋಲು ಸಿಗುವುದೆಂದರೆ ಅಜ್ಜಿಯ ಜಾಗವೇ ಸಿಕ್ಕಂತೆ ಎಂಬ ಜಂಬ ನನಗೆ.

ಅದೇ ಶ್ರಾವಣದಲ್ಲಿ ಗೌರಿ ಬಂದಳು. ಬಿಂಡಿಗನವಿಲೆ ಕಡೆಗೆ ಮದುವೆಯಾಗಿದ್ದ ನಮ್ಮತ್ತೆಯ ಮಗಳು, ನನ್ನಷ್ಟೇ ವಯಸ್ಸು, ಹನ್ನೊಂದು. ಅತ್ತೆಗೆ ಬಸಿರಿನಲ್ಲಿ ತೊಂದರೆಯಾಗಿ ಹೆರಿಗೆಯವರೆಗೆ ಮಲಗಿದಲ್ಲಿಂದ ಏಳಕೂಡದು, ಬಸ್ಸು ಹತ್ತಲೇಕೂಡದು ಎಂದು ಡಾಕ್ಟರು ಹೇಳಿದ್ದರು. ತವರಿಗೆ ಬರಲಾಗದ ಅತ್ತೆ ಮಗಳನ್ನಾದರೂ ಕಳಿಸಿದಳು. ಎರಡು ಲಂಗ, ಒಂದು ಸ್ಲೇಟು, ಒಂದು ಪೊಟ್ಟಣ ಹುರಿಗಾಳು ಹಿಡಿದು ಗೌರಿ ನಮ್ಮ ಜಗಲಿ ಹತ್ತಿದಳು. ಮೊದಲ ದಿನ ಅವಳ ಜೊತೆ ಒಂದೇ ಚಾಪೆಯಲ್ಲಿ ಮಲಗಿ ಹುರಿಗಾಳು ತಿಂದವಳು ನಾನೇ.

ಎರಡನೇ ದಿನ ಹುಲ್ಲಿಗೆ ಹೋದೆವು. ಅಲ್ಲಿಗೆ ಸ್ನೇಹ ಮುಗಿಯಿತು.

ಅವರದು ಮಳೆ ನಂಬಿದ ಸೀಮೆ. ಅಲ್ಲಿ ಹುಲ್ಲು ಬರುವುದೇ ಎರಡು ಮೂರು ತಿಂಗಳು, ಅದೂ ಕುರಿಗಳ ಜೊತೆ ಪೈಪೋಟಿಗೆ ಬಿದ್ದು ಹುಡುಕಬೇಕು. ಹಾಗಾಗಿ ಗೌರಿ ನೆಲಕ್ಕೆ ಅಲಗು ತಾಗಿಸಿ, ಬುಡಕ್ಕೇ ಕೊಯ್ಯುತ್ತಿದ್ದಳು. ಒಂದು ಎಸಳು ಕೂಡ ಉಳಿಸುತ್ತಿರಲಿಲ್ಲ. ಅವಳು ದಾಟಿಹೋದ ಬದು ಕ್ಷೌರ ಮಾಡಿದ ತಲೆಯ ಹಾಗೆ ಕಾಣುತ್ತಿತ್ತು. ಅಜ್ಜಿ ನಿಂತು ನೋಡಿದಳು. ಆಮೇಲೆ ನಾನು ಕೊಯ್ದ ಕಡೆ ನೋಡಿದಳು.

"ನೋಡ್ ಕಲ್ತ್ಕೊ. ನೀವು ನಾಲೆ ನೀರಿನ್ ಉಡ್ಗೀರು ಮ್ಯಾಲ್ಮ್ಯಾಲೆ ಸವರ್ಬುಟ್ಟು ಬತ್ತೀರಿ. ಈ ಮಗ ಎಂಗ್ ಕುಯ್ತದೆ ನೋಡು, ಬುಡುಕ್ಕೆ!"

ನನ್ನ ಹೊಟ್ಟೆಯಲ್ಲಿ ಒಲೆ ಹತ್ತಿಕೊಂಡಿತು. ಅದೂ ಅವಳು ಕೊಯ್ಯುತ್ತಿದ್ದದ್ದು ಎಡಗೈಯಲ್ಲಿ! ನಿಮಗೆ ಗೊತ್ತಿರಬಹುದು, ಕುಡುಗೋಲಿನ ಹಲ್ಲುಗಳನ್ನು, ನಾವು ಕಕ್ಕು ಅನ್ನುತ್ತೇವೆ, ಅಲಗಿನ ಒಂದೇ ಮಗ್ಗುಲಿಗೆ ಹಾಕಿರುತ್ತಾರೆ. ಬಲಗೈಗೆ ಹಾಕಿದ್ದು ಎಡಗೈಗೆ ಕಚ್ಚುವುದಿಲ್ಲ, ಜಾರುತ್ತದೆ. ಜಾರುವ ಕುಡುಗೋಲಿನಲ್ಲೇ ಗೌರಿ ನನಗಿಂತ ಎರಡರಷ್ಟು ಕೊಯ್ದಿದ್ದಳು.

ಮರುದಿನ ಅಜ್ಜಿ ನಮ್ಮಿಬ್ಬರನ್ನೂ ಕುಲುಮೆಗೆ ಕರೆದುಕೊಂಡು ಹೋದಳು. ಸೊಂಟದಿಂದ ತನ್ನ ಕುಡುಗೋಲು ತೆಗೆದು ಆಚಾರಿಯ ಮುಂದೆ ನೆಲದ ಮೇಲಿಟ್ಟಳು.

"ಅಳೇ ಕಕ್ಕು ತಟ್ಬುಟ್ಟು ಎಡಗೈಗೆ ಆಕಪ್ಪ."

ಆಚಾರಿ ತಿದಿ ಒತ್ತುವುದನ್ನು ನಿಲ್ಲಿಸಿದ. "ಎಡಗೈಗಾ? ಆಮ್ಯಾಕೆ ಬಲಗೈನೋರು ಯಾರೂ ಇದ್ನ ಮುಟ್ಟಂಗಿಲ್ಲ ಕಣಜ್ಜಿ."

"ಆಕು ಅಂದೆ. ಮಗ ವಸಿ ದಿನ ಕುಯ್ಲಿ."

ನನ್ನ ಕಣ್ಣಲ್ಲಿ ನೀರು ಬಂತು. ಇದ್ದಿಲಿನ ಹೊಗೆ ಎಂದೆ. ಅಜ್ಜಿಯನ್ನು ನಂಬಿಸುವುದು ಅಷ್ಟು ಸುಲಭವೇ? ದಾರಿಯಲ್ಲಿ ನನ್ನ ಜಡೆ ಎಳೆದು, "ಅವ್ಳು ಓದ್ಮ್ಯಾಕೆ ತಿರ್ಗ ನಿನ್ ಕೈಗೆ ಆಕ್ಸ್ಕೊಡ್ತೀನಿ, ಮಖ ಊದುಸ್ಬ್ಯಾಡ" ಎಂದಳು. ಅಂದರೆ ಗೌರಿ ಹೋದರೆ ಮಾತ್ರ ಕುಡುಗೋಲು ನನ್ನದು. ಆ ಕ್ಷಣದಿಂದ ಅವಳು ಯಾವಾಗ ಹೋಗುತ್ತಾಳೆ ಎಂಬುದೊಂದೇ ನನ್ನ ಧ್ಯಾನವಾಯಿತು.

ಎಡಗೈ ಕಕ್ಕು ಬಿದ್ದ ಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಕರಕರ ಕರಕರ ಅಂತ ಹುಲ್ಲು ಅವಳ ಕೈಗೆ ತಾನಾಗಿ ಬರುತ್ತಿತ್ತು. ನಾವು ಹುಡುಗಿಯರು ಒಂದು ಆಟ ಆಡುತ್ತಿದ್ದೆವು. ಎಲ್ಲರೂ ಒಂದೊಂದು ಹಿಡಿ ಹುಲ್ಲು ಹಾಕಿ ಗುಡ್ಡೆ ಮಾಡುವುದು, ದೂರದಲ್ಲಿ ಒಂದು ಕಡ್ಡಿ ನೆಡುವುದು, ಕುಡುಗೋಲು ಎಸೆದು ಕಡ್ಡಿ ಬೀಳಿಸಿದವಳಿಗೆ ಅಷ್ಟೂ ಹುಲ್ಲು. ಗೌರಿ ಎಡಗೈಯಿಂದ ಬೀಸಿದರೆ ಕಡ್ಡಿ ಮೊದಲನೇ ಏಟಿಗೇ ಮಲಗುತ್ತಿತ್ತು. ನನ್ನ ಹುಲ್ಲೆಲ್ಲ ಸೋತು ಹಿಡಿಯಷ್ಟು ಹೊತ್ತು ಮನೆಗೆ ಹೋದರೆ ನಮ್ಮವ್ವ, "ಇದ್ನ ಯಾವ್ ಅಸ ತಿಂದಾತು, ಮೊಲ ಸಾಕಿದ್ದೀವಾ?" ಎನ್ನುತ್ತಿದ್ದಳು. ಅಜ್ಜಿ ಹುಚ್ಚೆಳ್ಳು ಚಟ್ನಿ ಸವರಿದ ರಾಗಿ ರೊಟ್ಟಿಯ ಗರಿಗರಿ ಅಂಚು ಮುರಿದು ಮೊದಲು ಗೌರಿಗೆ ಕೊಡುತ್ತಿದ್ದಳು. ಅದು ಅಲ್ಲಿಯವರೆಗೆ ನನ್ನ ಅಂಚು.

ನಮ್ಮಲ್ಲಿ ಒಂದು ನಂಬಿಕೆಯಿದೆ. ಕುಡುಗೋಲನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ. ಒಬ್ಬರು ನೆಲಕ್ಕಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಅಜ್ಜಿ ಎಷ್ಟೇ ಅವಸರವಿದ್ದರೂ ಬಗ್ಗಿ ನೆಲಕ್ಕಿಟ್ಟೇ ಕೊಡುತ್ತಿದ್ದಳು. ನನಗೆ ಹೊಳೆಯಿತು: ಅಜ್ಜಿ ಒಂದೇ ಒಂದು ಸಲ ಅದನ್ನು ಗೌರಿಯ ಕೈಗೆ ಕೊಟ್ಟುಬಿಟ್ಟರೆ? ಇಬ್ಬರಿಗೂ ಜಗಳ ಬೀಳುತ್ತದೆ, ಅವಳನ್ನು ಊರಿಗೆ ಅಟ್ಟುತ್ತಾರೆ. ಎಷ್ಟು ಸಲೀಸು!

ವಾರಗಟ್ಟಲೆ ಕಾದೆ. ಒಂದು ಸಂಜೆ ಸೋನೆ ಮಳೆ ಹಿಡಿದಿತ್ತು. ಸಣ್ಣ ಕಾಲುವೆಗೆ ಹಾಕಿದ್ದ ಕಲ್ಲುಚಪ್ಪಡಿ ಪಾಚಿಗಟ್ಟಿ ಜಾರುತ್ತಿತ್ತು. ಗೌರಿ ಹೊರೆ ಸಮೇತ ಆಚೆ ದಾಟಿ ನಿಂತಿದ್ದಳು. ಅಜ್ಜಿ ಈಚೆ, ಒಂದು ಕೈಯಲ್ಲಿ ಗೌರಿ ಹೊರೆ ಹೊರುವಾಗ ನೆಲಕ್ಕಿಟ್ಟಿದ್ದ ಕುಡುಗೋಲು, ಇನ್ನೊಂದರಲ್ಲಿ ಸೀರೆ ನೆರಿಗೆ.

"ಅಜ್ಜಿ, ಜಾರ್ಬುಟ್ಟೀಯೆ! ಕುಡ್ಲು ಅವ್ಳ್ ಕೈಗೆ ಕೊಟ್ಬುಟ್ಟು ನನ್ ಭುಜ ಇಡ್ಕೊ" ಎಂದು ಕೂಗಿದೆ.

ಅಜ್ಜಿ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಕೈ ಚಾಚಿ ಕುಡುಗೋಲನ್ನು ಗೌರಿಯ ಕೈಗೆ ಕೊಟ್ಟಳು. ಗೆದ್ದೆ ಎಂದುಕೊಂಡೆ. ಮನೆಯವರೆಗೆ ಕುಣಿದುಕೊಂಡೇ ಹೋದೆ.

ಒಂದು ದಿನವಾಯಿತು, ಜಗಳವಿಲ್ಲ. ಎರಡು ದಿನವಾಯಿತು, ಅಜ್ಜಿ ಅವಳ ತಲೆಗೆ ಹರಳೆಣ್ಣೆ ತಿಕ್ಕುತ್ತಾ ಕೂತಿದ್ದಳು. ನಾಲ್ಕನೇ ದಿನ ನನಗೆ ತಡೆಯಲಾಗಲಿಲ್ಲ. ಕೊಟ್ಟಿಗೆಯಲ್ಲಿ ಹಸುಗಳಿಗೆ ಹುಲ್ಲು ಹಾಕುತ್ತಿದ್ದಾಗ ಗೌರಿ ಸುಮ್ಮನೆ, "ನಮ್ಮವ್ವಂಗೆ ಯಾವ್ ಮಗ ಆಯ್ತದೋ ಏನೋ" ಎಂದಳು. ನಾನು ಬಾಯಿ ಬಿಟ್ಟೆ.

"ಗಂಡೇ ಆಯ್ತದೆ. ಆಮ್ಯಾಕೆ ನಿನ್ನ ಯಾರು ಕರ್ಕೊಂಡೋದಾರು? ಅದ್ಕೇ ನಿಮ್ಮಪ್ಪ ಒಂದ್ಸಲನೂ ನೋಡಕ್ ಬಂದಿಲ್ಲ. ಇಲ್ಲೇ ನಮ್ ಮನೆ ಕೂಳಿಗೆ ಬಿದ್ದಿರು."

ಅವಳು ತಿರುಗಿ ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಹುಲ್ಲನ್ನು ನಿಧಾನವಾಗಿ ಹಸುವಿನ ಮುಂದೆ ಇಟ್ಟು ಹೊರಗೆ ಹೋದಳು. ಆ ಸಂಜೆ ಬಿಸಿ ಮುದ್ದೆಗೆ ಹುರುಳಿ ಬಸ್ಸಾರು ಹಾಕಿಕೊಟ್ಟರೆ ಹಸಿವಿಲ್ಲ ಎಂದಳು. ಮರುದಿನವೂ ಹಸಿವಿಲ್ಲ ಎಂದಳು. ಕೂಳು ಎಂಬ ನನ್ನ ಮಾತು ಅವಳ ಗಂಟಲಲ್ಲಿ ಕೂತಿದೆ ಎಂದು ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಹಿತ್ತಿಲ ಗೋಡೆಯ ಆಚೆಯಿಂದ ಅಜ್ಜಿಗೂ ಆ ಮಾತು ಕೇಳಿಸಿತ್ತು ಎಂದು ಮಾತ್ರ ಗೊತ್ತಿರಲಿಲ್ಲ.

ಅಜ್ಜಿ ನನ್ನನ್ನು ಹೊಡೆಯಲಿಲ್ಲ. ಬದುವಿಗೆ ಕರೆದುಕೊಂಡು ಹೋಗಿ ಕೂರಿಸಿ, "ಕಾಲ್ವೆ ತಾವ ಬೇಕಂತ್ಲೇ ಕುಡ್ಲು ಕೈಗೆ ಕೊಡುಸ್ದೆ, ನಂಗೊತ್ತಿಲ್ವಾ? ನಿನ್ ಆಟ ನೋಡವಾ ಅಂತ ಕೊಟ್ಟೆ. ಜಗ್ಳ ಬರ್ನಿಲ್ಲ ಅಂತ ನೀನೇ ವೋಗಿ ತಂದೆ" ಎಂದಳು. ನಾನು ಅಳತೊಡಗಿದೆ. ಅಜ್ಜಿ ಸಮಾಧಾನ ಮಾಡಲಿಲ್ಲ, ನನ್ನ ಕುಡುಗೋಲು ಎತ್ತಿಕೊಂಡು ತನ್ನ ಪಾಡಿಗೆ ಹುಲ್ಲು ಕೊಯ್ಯುತ್ತಲೇ ಇದ್ದಳು.

ದೀಪಾವಳಿಗೆ ಮುಂಚೆ ಗೌರಿಯ ಅಪ್ಪ ಬಂದ. ಹೆಣ್ಣು ಮಗು ಆಗಿತ್ತು. ಗೌರಿ ಹೊರಟು ನಿಂತಾಗ ಅಜ್ಜಿ ಒಳಗಿನಿಂದ ಕುಡುಗೋಲು ತಂದು ಅವಳ ಕಾಲ ಮುಂದೆ ನೆಲದ ಮೇಲಿಟ್ಟಳು. "ತಕೊ ಮಗ. ಇದು ನಿಂದು. ಇದ್ರ ಜೊತ್ಗೆ ನಮ್ ಮನೆ ಕೂಳೂ ನಿಂದೇ, ಯಾವಾಗ್ ಬೇಕಾದ್ರೂ ಬಾ."

ಗೌರಿ ನನ್ನ ಕಡೆ ನೋಡಿದಳು. ನಾನು ಬೇಡ ಅನ್ನಲಿಲ್ಲ, ತಕೊ ಅಂತಲೂ ಅನ್ನಲಿಲ್ಲ. ಅವಳು ಎಡಗೈಯಲ್ಲಿ ಎತ್ತಿಕೊಂಡು ಗೋಣಿ ತಾಟಿನಲ್ಲಿ ಸುತ್ತಿದಳು. ನಾಗಮಂಗಲದ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಬೇಡಿಕೊಂಡಂತೆ ಅವಳು ಹೋಗಿದ್ದಳು, ಕುಡುಗೋಲೂ ಅವಳ ಜೊತೆ ಹೋಗಿತ್ತು.

ಈಗ ನನ್ನ ಗಂಡ ಬೆನ್ನಿಗೆ ಪೆಟ್ರೋಲ್ ಮೆಷಿನ್ನು ನೇತುಹಾಕಿಕೊಂಡು ಬದುವಿನ ಹುಲ್ಲನ್ನು ಅರ್ಧ ಗಂಟೆಯಲ್ಲಿ ಹಾರಿಸಿಬಿಡುತ್ತಾನೆ. ನಿಜ ಹೇಳಬೇಕು, ನನ್ನ ಸೊಂಟ ಅದಕ್ಕೆ ಋಣಿ. ಆದರೆ ಹುಲ್ಲು ಪುಡಿ ಪುಡಿಯಾಗಿ ಮಣ್ಣಲ್ಲಿ ಬೆರೆತಿರುತ್ತದೆ, ಹಸು ಮೂಸಿ ಮುಖ ತಿರುಗಿಸುತ್ತದೆ. ಆ ಸದ್ದಿನ ಮುಂದೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಹುಲ್ಲಿಗೆ ಜೊತೆಯಾಗಿ ಹೋಗುವುದು, ಪಂದ್ಯ ಕಟ್ಟಿ ಸೋಲುವುದು, ಪಕ್ಕದವಳ ಹೊರೆ ನೋಡಿ ಉರಿದುಕೊಳ್ಳುವುದು ಯಾವುದೂ ಉಳಿದಿಲ್ಲ. ಹೊಟ್ಟೆಕಿಚ್ಚು ಪಡಲಿಕ್ಕೂ ಪಕ್ಕದಲ್ಲಿ ಒಬ್ಬರು ಬೇಕಲ್ಲ.

ಹೋದ ತಿಂಗಳು ಕೆ.ಆರ್. ಪೇಟೆ ಕಡೆ ಹೋದವಳು ಗೌರಿಯ ಮನೆ ಹೊಕ್ಕೆ. ಮದುವೆಯಾಗಿ ಅಲ್ಲಿಗೆ ಸೇರಿದ್ದಾಳೆ. ಅಜ್ಜಿಯ ತಿಥಿಯಾದ ಮೇಲೆ ಅವಳು ನಮ್ಮೂರಿನ ಕಡೆ ತಲೆ ಹಾಕಿರಲಿಲ್ಲ. ಅವರ ಜಗಲಿಯ ಮೂಲೆಯಲ್ಲೂ ಒಂದು ಮೆಷಿನ್ನು. ಕಾಫಿ ಕುಡಿಯುತ್ತಾ ಕುಡುಗೋಲಿನ ವಿಷಯ ಕೇಳಿದೆ. ಸೂರಿನಿಂದ ತೆಗೆದು ತಂದು ನನ್ನ ಮುಂದೆ ನೆಲಕ್ಕಿಟ್ಟಳು. ಅಲಗು ಸವೆದು ಬೆರಳಗಲ ಉಳಿದಿತ್ತು, ಕಕ್ಕು ಒಂದೂ ಇರಲಿಲ್ಲ.

"ಎಡಗೈಗೆ ಕಕ್ಕು ಆಕೋರು ಈಗ ಯಾರವ್ರೆ ಯೋಳು? ಸಂತೇಲಿ ಸಿಕ್ಕದೆಲ್ಲಾ ಬಲಗೈದೇಯ" ಎಂದಳು.

ಕಕ್ಕಿಲ್ಲದ ಮೇಲೆ ಎಡಗೈ ಏನು, ಬಲಗೈ ಏನು? ಈಗಲಾದರೂ ನನ್ನ ಕೈಗೆ ಬಂದೀತು ಎಂದು ಎತ್ತಿ ಹಿಡಿದೆ. ಹಿಡಿಯ ಮೇಲೆ ಅವಳ ಎಡ ಹೆಬ್ಬೆರಳು ಕೂತೂ ಕೂತೂ ಒಂದು ಗುಳಿ ಬಿದ್ದಿತ್ತು. ನನ್ನ ಹೆಬ್ಬೆರಳಿಗೆ ಎಲ್ಲೂ ಜಾಗವಿರಲಿಲ್ಲ. ಮೊಮ್ಮಕ್ಕಳು ಬರುವ ವಯಸ್ಸಿನಲ್ಲಿ ಹೊಟ್ಟೆ ಅದೇ ಹಳೆಯ ಉರಿ ಉರಿಯಿತು. ವಾಪಸ್ಸು ನೆಲಕ್ಕಿಟ್ಟೆ.

"ಬೇಕಿದ್ರೆ ತಕೊಂಡೋಗಮ್ಮಿ" ಎಂದಳು ಗೌರಿ, ಕುಡುಗೋಲನ್ನು ನನ್ನ ಕಡೆಗೆ ಸರಿಸಿ.

"ಅಂಗಲ್ಲ. ಎತ್ತಿ ನನ್ ಕೈಗೆ ಕೊಡು."

"ಕೈಗಾ? ಜಗ್ಳ ಆಯ್ತದೆ ಕಣೆ!"

"ಆಗ್ಲಿ ಬುಡು" ಎಂದು ಕೈ ಚಾಚಿದೆ. "ಜಗ್ಳ ಆಡಕ್ಕಾದ್ರೂ ನಮ್ಮೂರ್ಗೆ ಬತ್ತೀಯಲ್ಲ."