ಪೆಸ್ಯಾಳಿಗೆ ಹನ್ನೆರಡು ತುಂಬಿದ್ದನ್ನು ಯಾರೂ ನೋಡಲಿಲ್ಲ

ವಿನಿಪೆಗ್‌ನ ಉತ್ತರ ಬಡಾವಣೆಯಲ್ಲಿ ನಲವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಪೆಸ್ಯಾ ಲಿಟ್ವಿನ್‌ಳ ಸಿಟ್ಟಿಗೆ ಹೆದರದವರಿರಲಿಲ್ಲ. ಆ ಸಿಟ್ಟು ಹುಟ್ಟಿದ್ದು ಅವಳಿಗೂ ಅವಳ ಅವಳಿ ತಮ್ಮ ಮೊಟೆಲ್‌ಗೂ ಹದಿಮೂರು ತುಂಬಿದ ವಾರ.

ಅದಕ್ಕೂ ಮುಂಚೆ ಇಡೀ ಒಂದು ಚಳಿಗಾಲ ಅಜ್ಜ ಜೇಲಿಗ್ ಮೊಟೆಲ್‌ನನ್ನು ಎದುರಿಗೆ ಕೂರಿಸಿಕೊಂಡು ಯೆಹೂದಿಗಳ ಧರ್ಮಗ್ರಂಥ ತೋರಾದ ಪಾಠವನ್ನು ರಾಗವಾಗಿ ಓದಿಸಿದ್ದ. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಪೆಸ್ಯಾಳಿಗೆ ಅಷ್ಟೂ ಬಾಯಿಪಾಠವಾಯಿತು. ಮೊಟೆಲ್‌ಗೆ ಮಾತ್ರ ಒಂದು ಸಾಲು ತಲೆಗೆ ಹತ್ತಿದರೆ ಇನ್ನೊಂದು ಜಾರುತ್ತಿತ್ತು.

ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದ ಮೊಟೆಲ್‌ನ ಮೊದಲ ಓದು ಕೇಳಲು ಆ ಶನಿವಾರ ಪ್ರಾರ್ಥನಾ ಮಂದಿರ ಕಿಕ್ಕಿರಿದಿತ್ತು. ಮೂರನೆಯ ಸಾಲಿಗೇ ಮೊಟೆಲ್‌ನ ನಾಲಿಗೆ ಕಟ್ಟಿತು. ಪಕ್ಕದಲ್ಲಿದ್ದ ಅಜ್ಜ ಕನ್ನಡಕ ತಡಕಾಡುತ್ತಿರುವಾಗಲೇ ಮೇಲೆ ಹೆಂಗಸರ ಉಪ್ಪರಿಗೆಯಿಂದ ಪೆಸ್ಯಾ ಮುಂದಿನ ಸಾಲನ್ನು ಎತ್ತಿಕೊಟ್ಟಳು. ಮೊಟೆಲ್ ಅದನ್ನು ಹಿಡಿದು ದಡ ಸೇರಿದ. ಅಜ್ಜ ಮಾತ್ರ ಎಲ್ಲರೆದುರಿಗೇ ಮೇಲೆ ನೋಡಿ ಗದರಿದ:

"ಮುಚ್ಚೇ ಬಾಯಿ! ಗಂಡಸರ ಮಧ್ಯೆ ನಿಂದೇನು?"

ಸಂಜೆ ನೆಂಟರು ಎಂಜಲು ತಟ್ಟೆ ಬಿಟ್ಟು ಎದ್ದ ಮೇಲೆ ಪೆಸ್ಯಾ ಅಜ್ಜನನ್ನು ಅಡ್ಡಗಟ್ಟಿದಳು.

"ಅಜ್ಜ, ಧರ್ಮದ ಹೊಣೆ ಹುಡುಗನಿಗೆ ಹದಿಮೂರಕ್ಕಾದ್ರೆ ಹುಡುಗಿಗೆ ಹನ್ನೆರಡಕ್ಕೇ ಅಲ್ವಾ? ಹೋದ ವರ್ಷಾನೇ ನಂದು ಆಯ್ತಲ್ಲ?"

"ಆಯ್ತು. ಇನ್ಮೇಲೆ ನೀನು ಮಾಡಿದ ಪಾಪ ನಿನ್ನ ತಲೆಗೇ, ನಿಮ್ಮಪ್ಪನ ತಲೆಗಲ್ಲ. ಅಷ್ಟೇ."

"ಅಂದ್ರೆ ಪಾಪ ಮಾತ್ರ ನಂದು, ಓದೋದು ಅವನ್ದಾ?"

ಅಜ್ಜ ಕೋಟು ಹಾಕಿಕೊಂಡು ಹೊರಟುಹೋದ. ಮುಂದೆ ಐವತ್ತೈದು ವರ್ಷ, ಮದುವೆ ಸಾವುಗಳಿಗಲ್ಲದೆ ಪೆಸ್ಯಾ ಪ್ರಾರ್ಥನಾ ಮಂದಿರದ ಹೊಸ್ತಿಲು ತುಳಿಯಲಿಲ್ಲ.

ಅಷ್ಟರಲ್ಲಿ ಕಾಲ ಬದಲಾಗಿ ಅಲ್ಲಿ ಹೆಂಗಸರೂ ಓದತೊಡಗಿದ್ದರು. ಹೊಸದಾಗಿ ಬಂದ ಧರ್ಮಗುರು, ರಬ್ಬಿ ನೋಅಮ್, ಒಂದು ದಿನ ಅವಳ ಮನೆಗೇ ಬಂದ.

"ಪೆಸ್ಯಾ ಅಮ್ಮ, ಚಿಕ್ಕವಯಸ್ಸಲ್ಲಿ ಅವಕಾಶ ತಪ್ಪಿದ ಹೆಂಗಸರಿಗೆಲ್ಲ ಹನ್ನೆರಡು ತುಂಬಿದಾಗಿನ ಬಾತ್ ಮಿಟ್ಸ್ವಾ ಸಮಾರಂಭಾನ ಒಟ್ಟಿಗೆ ಮಾಡ್ತಿದ್ದೀವಿ. ಹೂವು, ಕೇಕು, ಪ್ರಮಾಣಪತ್ರ ಎಲ್ಲಾ ಇರುತ್ತೆ."

ಪೆಸ್ಯಾ ಚಹಾದ ಲೋಟವನ್ನು ಕುಕ್ಕಿದಳು. "ನೀನೇನಪ್ಪಾ ನಂಗೆ ಮಾಡೋದು? ನಂಗೆ ಹನ್ನೆರಡು ತುಂಬಿದ ದಿನಾನೇ ಅದು ತಾನಾಗೇ ಆಗಿಹೋಯ್ತು. ಹೂವೂ ಬೇಕಿರ್ಲಿಲ್ಲ, ಯಾರ ಅಪ್ಪಣೇನೂ ಬೇಕಿರ್ಲಿಲ್ಲ. ನಿಮ್ಮೋರು ಕಣ್ಣು ಮುಚ್ಕೊಂಡಿದ್ರು. ಅದಕ್ಕೆ ನಂಗ್ಯಾಕೆ ಪತ್ರ?"

ರಬ್ಬಿ ಕಿವಿಯವರೆಗೂ ಕೆಂಪಾದ. "ಮತ್ತೇನು ಮಾಡ್ಲಿ, ಹೇಳಿ."

"ಎಲ್ಲರನ್ನೂ ಕರೆಯೋ ಹಾಗೆ ನನ್ನನ್ನೂ ಓದೋಕೆ ಕರಿ. ಯಾವುದಾದ್ರೂ ಒಂದು ಶನಿವಾರ."

ಫೆಬ್ರವರಿಯ ಕೊರೆಯುವ ಚಳಿಯಲ್ಲಿ, ಇಪ್ಪತ್ತು ಜನರೆದುರು, ಅವಳು ತೋರಾ ಓದಿದಳು. ಎರಡು ಕಡೆ ರಾಗ ತಪ್ಪಿತು; ತಿದ್ದಿಕೊಂಡು ಮುಂದುವರಿದಳು. ಮುಗಿದ ಮೇಲೆ ಕೋಲೂರಿಕೊಂಡು ಮೊಟೆಲ್ ಹತ್ತಿರ ಬಂದ.

"ಅವತ್ತು ನಿನ್ನಿಂದ ಬಚಾವಾದೆ. ಅಜ್ಜ ನಿನ್ನ ಬೈತಿದ್ರೂ ನಾನು ಬಾಯಿ ಬಿಡ್ಲಿಲ್ಲ, ಅಕ್ಕ. ಚಿಕ್ಕವನಿದ್ದೆ."

"ಚಿಕ್ಕವನಂತೆ! ಚಿಕ್ಕವನಲ್ಲ ಅಂತ ಸಾರೋಕೇ ಅಲ್ವೇನೋ ಅವತ್ತು ಅಷ್ಟು ಜನ ಸೇರಿದ್ದು? ಆ ತಪ್ಪು ನಿಂದೇ ಕಣೋ."

ಮೊಟೆಲ್ ಅತ್ತ. ಅವಳು ಕ್ಷಮಿಸಿದೆ ಎನ್ನಲಿಲ್ಲ. ಅವನ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಉಪ್ಪು ಮೀನಿನ ತಟ್ಟೆ ತಂದುಕೊಟ್ಟಳು.

ಸಿಟ್ಟೇನೂ ಇಳಿಯಲಿಲ್ಲ. ಬೆಳಗಿನ ಪ್ರಾರ್ಥನೆಗೆ ಹತ್ತು ಜನ ಸೇರಲೇಬೇಕು, ದಿನವೂ ಒಬ್ಬಿಬ್ಬರು ಕಡಿಮೆ ಎಂದು ತಿಳಿದು ಸೋಮವಾರದಿಂದಲೇ ಹೋಗತೊಡಗಿದಳು. ಮೂರನೆಯ ವಾರ ತಡವಾಗಿ ಬಂದ ದಂತವೈದ್ಯನೊಬ್ಬನನ್ನು ಬಾಗಿಲಲ್ಲೇ ತಡೆದು, "ಒಂಬತ್ತು ಜನ ನಿಂಗೋಸ್ಕರ ಕಾಯ್ತಾ ಕೂತಿದ್ದೀವಿ, ನಿಂಗೆ ನಿದ್ದೆ ಹೆಚ್ಚಾಯ್ತಾ?" ಎಂದು ಜಾಡಿಸಿದಳು. ಈಗ ಅವನು ಕಾಲು ಗಂಟೆ ಮೊದಲೇ ಬರುತ್ತಾನೆ.