ಸಾವಿರ ದೀಪಗಳ ಕರಾವಳಿ

ಮುದ್ರಣಾಲಯದಲ್ಲಿ ಅವಳಿಗೆ ಒತ್ತಕ್ಕ ಎಂದೇ ಹೆಸರು. ಮಾಲೀಕರೂ ಹಾಗೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಕೂತು ಕರಡು ತಿದ್ದಿದವಳು. ಅಕ್ಷರದ ಕೆಳಗಿನ ಒತ್ತು ಬಿದ್ದುಹೋಗಿರಲಿ, ಬೇಡದ ಒತ್ತು ಬಂದು ಅಂಟಿಕೊಂಡಿರಲಿ, ಅವಳ ಕಣ್ಣು ತಪ್ಪಿಸಿ ಹೊರಗೆ ಹೋದದ್ದಿಲ್ಲ. ಒಬ್ಬ ಹಿರಿಯರ ಸನ್ಮಾನದ ಆಮಂತ್ರಣದಲ್ಲಿ ಅವರು 'ಹೆಸರಾಂತ ಕತ್ತೆಗಾರರು' ಆಗಿಬಿಟ್ಟಿದ್ದಾಗ, ಯಂತ್ರ ತಿರುಗಲು ಐದು ನಿಮಿಷ ಇದೆ ಎನ್ನುವಾಗ ಓಡಿಹೋಗಿ ನಿಲ್ಲಿಸಿದವಳು ಇವಳೇ. ಆ ಕತೆಗಾರರಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ, ಪಾಪ.

ಅವಳು ಓದುವ ರೀತಿಯೇ ಬೇರೆ. ಪುಟದ ಕೊನೆಯ ಪದದಿಂದ ಶುರುಮಾಡಿ ಹಿಂದಕ್ಕೆ ಬರುತ್ತಿದ್ದಳು. ಅರ್ಥ ಸಿಕ್ಕಿಬಿಟ್ಟರೆ ಕಣ್ಣು ಸೋಮಾರಿಯಾಗುತ್ತದೆ ಎಂಬುದು ಅವಳ ವಾದ. ಸಾಲಿನ ಕೆಳಗೆ ಉಕ್ಕಿನ ಸ್ಕೇಲು ಇಟ್ಟು, ಕಾಳಿನಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಪದ ಆರಿಸಿ ಕೆಂಪು ಪೆನ್ನಿನಿಂದ ಗುರುತು ಹಾಕುವಳು. ಮನೆಯಲ್ಲೂ ಆ ಪೆನ್ನಿಗೆ ಬಿಡುವಿರಲಿಲ್ಲ. ನಿಶ್ಚಿತಾರ್ಥವಾದ ಮೇಲೆ ಗಂಡನಾಗುವವನು ಬರೆದ ಮೊದಲ ಕಾಗದ 'ಪೀತಿಯ' ಎಂದು ಶುರುವಾಗಿತ್ತು. ಇವಳು ಕೆಂಪು ಒತ್ತು ಹಾಕಿ ವಾಪಸ್ ಕಳಿಸಿದಳು. ಅವನು ಅದನ್ನು ಇನ್ನೂ ಬೀರುವಿನಲ್ಲಿ ಇಟ್ಟುಕೊಂಡಿದ್ದಾನೆ.

ಆ ಗಂಡ ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವ ಗುಮಾಸ್ತ. ಜೊತೆಯವರು ಅವನಿಗೆ ಗಡಿಯಾರಪ್ಪ ಎಂದು ಹೆಸರಿಟ್ಟಿದ್ದರು. ನಿವೃತ್ತಿಗೆ ಎರಡು ತಿಂಗಳಿತ್ತು. ಸಾವಿರಾರು ಬಸ್ಸುಗಳನ್ನು ಹೊರಡಿಸಿದ ಮನುಷ್ಯ ತಾನು ಮಾತ್ರ ಎಲ್ಲಿಗೂ ಹೊರಟಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋದದ್ದು ಚಿಕ್ಕಪ್ಪನ ಮನೆಗೆ. ಅಲ್ಲಿ ಮೂರು ದಿನವೂ ಚಿಕ್ಕಮ್ಮನಿಗೆ ಹಲ್ಲುನೋವು. ಹೀಗಿರುವಾಗ ಒಂದು ಸಂಜೆ ಒತ್ತಕ್ಕ ತಾನೇ ಕರಡು ತಿದ್ದಿದ ಪ್ರವಾಸ ಕಂಪನಿಯ ಬಣ್ಣದ ಪುಸ್ತಿಕೆಯೊಂದನ್ನು ಮನೆಗೆ ತಂದಳು. ಯುರೋಪಿನ ಅಂಚಿನ ಒಂದು ದೇಶ. ನೀಲಿ ಸಮುದ್ರ, ಬೆಟ್ಟಕ್ಕೆ ಅಂಟಿಕೊಂಡ ಬಿಳಿ ಮನೆಗಳು, ಕಡಲ ತುಂಬ ದ್ವೀಪಗಳು. ಗಡಿಯಾರಪ್ಪ ಚಪ್ಪಲಿ ಬಿಡುವುದನ್ನೂ ಮರೆತು ಪುಟ ತಿರುಗಿಸಿದ. ಆ ದೇಶದ ಹೆಸರು ಅವನ ನಾಲಿಗೆಗೆ ಹೊರಳದೆ ಮನೆಯಲ್ಲಿ ಅದು ಬರೀ 'ಅಲ್ಲಿ' ಆಯಿತು.

"ಹದಿನಾಲ್ಕು ದಿನ, ಹನ್ನೊಂದು ದ್ವೀಪ," ಎಂದ ಎರಡೇ ದಿನದಲ್ಲಿ. "ಏಳೂ ನಲವತ್ತರ ದೋಣಿ ಹಿಡಿದ್ರೆ ಒಂಬತ್ತೂ ಹತ್ತಕ್ಕೆ ಮೂರನೇ ದ್ವೀಪ. ಅಲ್ಲಿ ಇಪ್ಪತ್ತು ನಿಮಿಷ ಕಾಫಿ ಕುಡಿಯೋಕೆ."

"ಕಾಫಿ ಬಿಸಿ ಇದ್ರೆ?" ಎಂದು ಅವಳು ಕೇಳಿದಳು.

"ಐದು ನಿಮಿಷ ಆರೋಕೆ ಅಂತ ಸೇರಿಸಿದೀನಿ," ಎಂದ. ಇಬ್ಬರೂ ನಕ್ಕರು.

ಆ ನಗು ಹೆಚ್ಚು ದಿನ ಬಾಳಲಿಲ್ಲ. ಎರಡು ವಾರದ ನಂತರ ಪ್ರವಾಸ ಕಂಪನಿಯ ಮ್ಯಾನೇಜರು ಪುಸ್ತಿಕೆ ಹಿಡಿದುಕೊಂಡು ಮುದ್ರಣಾಲಯಕ್ಕೆ ಬಂದರು. ಮಾಲೀಕರು ಒತ್ತಕ್ಕನನ್ನೂ ಅಕ್ಷರ ಜೋಡಿಸುವವನನ್ನೂ ಕರೆಸಿದರು. ಮೂರನೇ ಪುಟದ ಸಾಲೊಂದರ ಮೇಲೆ ಬೆರಳಿಟ್ಟು, "ಓದಮ್ಮ," ಎಂದರು.

"ಸಾವಿರ ದ್ವೀಪಗಳ ಕರಾವಳಿ," ಎಂದು ಅವಳು ಓದಿದಳು.

"ಸರಿಯಾಗಿ ನೋಡಿ ಓದು."

ಅವಳು ಮತ್ತೆ ನೋಡಿದಳು. "ಸಾವಿರ ದ್ವೀಪಗಳ ಕರಾವಳಿ. ಸರಿಯಾಗೇ ಇದೆಯಲ್ಲ?"

ಅಕ್ಷರ ಜೋಡಿಸುವವನು ತಲೆ ತಗ್ಗಿಸಿದ. ಮ್ಯಾನೇಜರು ತಾವೇ ಗಟ್ಟಿಯಾಗಿ ಓದಿದರು: "ಸಾವಿರ ದೀಪಗಳ ಕರಾವಳಿ. ದೀಪ ದಿನಾ ಹಚ್ತಾರಾ, ಇಲ್ಲ ಭಾನುವಾರ ಮಾತ್ರಾನಾ ಅಂತ ಫೋನ್ ಮಾಡಿ ಕೇಳ್ತಿದಾರೆ ಜನ." ಮಾಲೀಕರು ನಗೆಯಾಡಿ ಅವರನ್ನು ಸಮಾಧಾನ ಮಾಡಿ ಕಳಿಸಿದರು. ಒತ್ತಕ್ಕನಿಗೂ, "ಯಾವುದೋ ಧ್ಯಾನದಲ್ಲಿದ್ದೆ, ಹೋಗ್ಲಿ ಬಿಡು," ಎಂದರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಊಟದ ಹೊತ್ತಿನಲ್ಲಿ ಎಲ್ಲರೂ ಎದ್ದುಹೋದ ಮೇಲೆ ಅವಳು ಒಂದು ಚೀಟಿಯಲ್ಲಿ ತಾನೇ 'ದ್ವೀಪ' ಎಂದು ಬರೆದಳು. ಮೊದಲ ಅಕ್ಷರದ ಮೇಲೆ ದೃಷ್ಟಿ ನೆಟ್ಟಳು. ಕೆಳಗಿನ ಒತ್ತು ಇರಲಿಲ್ಲ. ಕಪ್ಪಾಗಿಯೂ ಕಾಣಲಿಲ್ಲ, ಮಸುಕಾಗಿಯೂ ಕಾಣಲಿಲ್ಲ. ಅಲ್ಲಿ ಬರೀ ಬಿಳಿ ಕಾಗದವಿತ್ತು. ದೃಷ್ಟಿಯನ್ನು ಕೊಂಚ ಕೆಳಗಿಳಿಸಿದಳು. ಒತ್ತು ಬಂತು. ಮೇಲೆತ್ತಿದಳು. ಹೋಯಿತು. ಎಷ್ಟು ದಿನದಿಂದ ಹೀಗೆ? ಎಷ್ಟು ತಿಂಗಳಿಂದ ತಾನು ಓದದೆ ಬರೀ ಊಹೆ ಮಾಡುತ್ತಿದ್ದೇನೆ?

ಆಗ ಉಳಿದವೂ ಒಂದೊಂದಾಗಿ ನೆನಪಾದವು. ಮುದ್ರಣಾಲಯದ ಬಾಗಿಲ ಮೆಟ್ಟಿಲಲ್ಲಿ ಎರಡು ಸಲ ಎಡವಿದ್ದು. ನೆಲದ ಮೇಲಿದ್ದ ಬಕೆಟ್ಟನ್ನು ಒದ್ದು, ಇಲ್ಲಿ ಯಾರು ಇಟ್ಟರು ಎಂದು ಗಂಡನ ಮೇಲೆ ಹರಿಹಾಯ್ದದ್ದು. ಎಲ್ಲಕ್ಕಿಂತ ಹೆಚ್ಚಾಗಿ ಸೋದರತ್ತೆ ನೆನಪಾದಳು. ಅಪ್ಪನ ಅಕ್ಕ, ಒತ್ತಕ್ಕನ ತವರಲ್ಲೇ ಇದ್ದವಳು. ಅವಳಿಗೂ ಮೊದಲು ಶುರುವಾದದ್ದು ಎಡವುವುದರಿಂದಲೇ. ಆಮೇಲೆ ಗೋಡೆ ಹಿಡಿದು ನಡೆಯತೊಡಗಿದಳು. ಕೊನೆಕೊನೆಗೆ ಹೊಸ್ತಿಲಲ್ಲಿ ನಿಂತು ಒಂದು ಕಾಲನ್ನು ಗಾಳಿಯಲ್ಲಿ ಆಡಿಸುತ್ತ, "ನೆಲ ಎಲ್ಲಿ ಹೋಯ್ತೇ?" ಎಂದು ಕೇಳುತ್ತಿದ್ದಳು. ಆಗ ಒತ್ತಕ್ಕ ಹನ್ನೆರಡು ವರ್ಷದವಳು. ಒಮ್ಮೆ ನಕ್ಕೂ ಇದ್ದಳು.

ಅವಳು ಯಾರಿಗೂ ಹೇಳಲಿಲ್ಲ. ಕೆಲಸದಲ್ಲಿ ಪ್ರತಿ ಸಾಲನ್ನೂ ಎರಡೆರಡು ಸಲ ಓದತೊಡಗಿದಳು, ಒಮ್ಮೆ ಅಕ್ಷರಕ್ಕೆ, ಒಮ್ಮೆ ಅದರ ಕೆಳಗಿನ ಜಾಗಕ್ಕೆ. ಸಂಜೆಗೆ ತಲೆ ಸಿಡಿಯುತ್ತಿತ್ತು. ಕಣ್ಣಿನ ಆಸ್ಪತ್ರೆಯ ಬೀದಿ ಬಂದರೆ ಎದುರು ಬದಿಗೆ ದಾಟಿಬಿಡುತ್ತಿದ್ದಳು. ವೈದ್ಯರು ಬಾಯಿ ಬಿಟ್ಟು ಹೇಳುವ ತನಕ ಅದು ನಿಜವಲ್ಲ ಎಂದು ಒಂದು ಮೂಲೆಯಲ್ಲಿ ನಂಬಿದ್ದಳು. ಬುದ್ಧಿವಂತರೂ ಹೆದರಿದಾಗ ಇಷ್ಟೇ.

ಮನೆಯಲ್ಲಿ ಗಡಿಯಾರಪ್ಪನ ಯೋಜನೆ ಬೆಳೆಯುತ್ತಲೇ ಇತ್ತು. ಒಂದು ಭಾನುವಾರ ಪುಸ್ತಿಕೆಯ ಚಿತ್ರವೊಂದನ್ನು ಅವಳ ಮುಂದೆ ಹಿಡಿದ. ಸಮುದ್ರದಂಚಿನಿಂದ ಬೆಟ್ಟದ ನೆತ್ತಿಯ ತನಕ ಬಿಳಿ ಕಲ್ಲಿನ ಮೆಟ್ಟಿಲುಗಳು. ಕಟಕಟೆ ಇಲ್ಲ, ಕೈ ಹಿಡಿಯಲು ಏನೂ ಇಲ್ಲ.

"ಇಲ್ಲೇ ನಾವು ಇರೋದು. ಮೇಲಿನ ಮನೆ. ಇನ್ನೂರ ಹದಿನಾಲ್ಕು ಮೆಟ್ಟಿಲು. ಕಿಟಕಿ ತೆಗೆದ್ರೆ ಆರು ದ್ವೀಪ ಕಾಣುತ್ತಂತೆ."

ಅವಳಿಗೆ ಕಂಡದ್ದು ಅಷ್ಟೂ ಮೆಟ್ಟಿಲುಗಳಿಂದ ತಾನು ಉರುಳಿ ನೀರಿಗೆ ಬೀಳುವುದು. "ನನ್ನ ಮಂಡಿಗೆ ಆಗಲ್ಲ," ಎಂದಳು. ಅವಳ ಮಂಡಿಗೆ ಯಾವ ರೋಗವೂ ಇರಲಿಲ್ಲ.

ಅವನು ಆ ದ್ವೀಪಕ್ಕೆ ಗೀಟು ಎಳೆದ. ಮುಂದಿನ ವಾರ ಅವಳು ಸಣ್ಣ ದೋಣಿಗೆ ವಾಂತಿ ಬರುತ್ತದೆ ಎಂದಳು. ನಾಲ್ಕು ದ್ವೀಪ ಹೋದವು. ಆಮೇಲೆ ಗಾಳಿ ಆಗುವುದಿಲ್ಲ ಎಂದಳು, ಉಪ್ಪುನೀರಿನ ಊರಲ್ಲಿ ನಿದ್ದೆ ಬರುವುದಿಲ್ಲ ಎಂದಳು. ಅವನು ಸ್ಕೇಲು ಹಿಡಿದು ನೀಟಾಗಿ ಗೀಟು ಎಳೆಯುತ್ತ ಹೋದ. ಹನ್ನೊಂದು ಇದ್ದದ್ದು ಒಂದಕ್ಕೆ ಇಳಿಯಿತು. ಪ್ರತಿ ಗೀಟಿಗೂ ಅವಳಿಗೆ ಜೀವ ಬಂದಂತೆಯೂ ಆಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಕೊನೆಗೊಂದು ದಿನ ಅವನು ಪೆನ್ನು ಕೆಳಗಿಟ್ಟು ಕೇಳಿದ.

"ನಿಜ ಹೇಳು. ನಿನಗೆ ಅಲ್ಲಿಗೆ ಹೋಗೋದು ಇಷ್ಟ ಇಲ್ವಾ, ಇಲ್ಲಾ ನನ್ನ ಜೊತೆ ಹೋಗೋದು ಇಷ್ಟ ಇಲ್ವಾ?"

"ಏನ್ ಮಾತೂಂತ ಆಡ್ತೀರಿ," ಎಂದು ಅವಳು ಅಡುಗೆಮನೆಗೆ ಎದ್ದುಹೋದಳು. ನಲ್ಲಿ ತಿರುಗಿಸಿ ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಹೇಳಿದರೆ ಪ್ರವಾಸ ನಿಲ್ಲುತ್ತದೆ, ಕೆಲಸ ನಿಲ್ಲುತ್ತದೆ, ತಾನು ಗೋಡೆ ಹಿಡಿದ ಸೋದರತ್ತೆಯಾಗುತ್ತೇನೆ. ಹೇಳದಿದ್ದರೆ ಈ ಮನುಷ್ಯ ಇಪ್ಪತ್ತೈದು ವರ್ಷದ ಸಂಸಾರವನ್ನೇ ತಪ್ಪು ತಿಳಿಯುತ್ತಾನೆ. ಯಾವುದಕ್ಕೆ ಹೆಚ್ಚು ಹೆದರಬೇಕೆಂದೇ ಅವಳಿಗೆ ಗೊತ್ತಾಗಲಿಲ್ಲ.

ವೀಸಾಕ್ಕೆ ಕೊಡುವ ಯೋಜನೆಯನ್ನು ಕನ್ನಡದಲ್ಲೇ ಟೈಪ್ ಮಾಡಿ ಕೊಡಿ, ಇಂಗ್ಲಿಷಿಗೆ ನಾವು ಮಾಡಿಸಿಕೊಳ್ಳುತ್ತೇವೆ ಎಂದರು ಪ್ರವಾಸ ಕಂಪನಿಯವರು. ಗಡಿಯಾರಪ್ಪ ಡಿಪೋದ ಕಂಪ್ಯೂಟರಿನಲ್ಲಿ ಎರಡು ಮಧ್ಯಾಹ್ನ ಕೂತು ಒಂದು ಪುಟ ಕುಟ್ಟಿದ. ಅಕ್ಷರಗಳೇನೋ ಸಿಕ್ಕವು, ಒತ್ತು ಬರಿಸುವ ಉಪಾಯ ಮಾತ್ರ ಸಿಗಲಿಲ್ಲ. ಸಿಗದ್ದನ್ನು ಬಿಟ್ಟೇಬಿಟ್ಟ. ಹೆಂಡತಿ ಹೇಗೂ ಕೆಂಪು ಹೊಳೆ ಹರಿಸುತ್ತಾಳೆ, ಮುದ್ರಣಾಲಯದಲ್ಲಿ ಸರಿ ಮಾಡಿಸಿಕೊಂಡೂ ಬರುತ್ತಾಳೆ ಎಂಬ ಧೈರ್ಯ. ಒತ್ತಕ್ಕನಿಗೆ ಒತ್ತಿಲ್ಲ ಎಂದು ಹೇಳಬೇಕೇ? ಬೆಳಗ್ಗೆ ಕಾಗದವನ್ನು ಅವಳ ಕೈಗಿಟ್ಟು, ಬೈಗುಳ ಕೇಳಲು ಸಿದ್ಧನಾಗಿ ನಿಂತ.

ಅವಳು ಓದಿದಳು. ಹಿಂದಿನ ದಿನವೆಲ್ಲ ಎರಡೆರಡು ಸಲ ಓದಿ ಕಣ್ಣು ಸೋತಿತ್ತು. ಮನೆಯ ಕಾಗದಕ್ಕೂ ಆ ಕಸರತ್ತು ಯಾಕೆ ಎಂದುಕೊಂಡು ಒಂದೇ ಸಲ ಕಣ್ಣಾಡಿಸಿದಳು. "ಸರಿ ಇದೆ," ಎಂದು ಕೆಳಗೆ ಸಹಿ ಹಾಕಿ ಕೊಟ್ಟಳು.

ಅವನಿಗೆ ಮೊದಲು ಹೆಮ್ಮೆಯಾಯಿತು. "ಒಂದು ತಪ್ಪೂ ಇಲ್ವಾ?"

"ಪರವಾಗಿಲ್ಲ, ಕಲ್ತಿದೀರಿ."

ಅವನು ಕಾಗದ ನೋಡಿದ. ಮೇಲೆ 'ನಮ ಪವಾಸ' ಎಂದಿತ್ತು. ಅದರ ಕೆಳಗೆ 'ಒಂದು ದೀಪ', 'ಬೆಳಗೆ ದೋಣಿ ಹತುವುದು', 'ಮೆಟಿಲು ಇಲ'. ಹದಿನೆಂಟು ಸಾಲು, ಒಂದಕ್ಕೂ ಒತ್ತಿಲ್ಲ, ಎಲ್ಲೂ ಕೆಂಪಿಲ್ಲ. ತಮಾಷೆ ಮಾಡುತ್ತಿದ್ದಾಳೆಯೇ ಎಂದು ಹೆಂಡತಿಯ ಮುಖ ನೋಡಿದ. ಅವಳು ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಳು. ಮುಚ್ಚಳ ಡಬ್ಬಿಯ ಅಂಚು ತಪ್ಪಿ ಎರಡು ಸಲ ಜಾರಿತು.

"ಇಲ್ಲಿ ಬಾ," ಎಂದ. "ಇದೇನು ಪದ ಹೇಳು."

"ದ್ವೀಪ."

"ಒತ್ತು ಎಲ್ಲಿದೆ ತೋರ್ಸು."

ಅವಳ ಬೆರಳು ಕಾಗದದ ಮೇಲೆ ಹೋಗಿ, ಅಲ್ಲೇ ನಿಂತಿತು. ನಿಧಾನವಾಗಿ ದೃಷ್ಟಿ ಕೆಳಗಿಳಿಸಿದಳು. ಆಮೇಲೆ ಕುರ್ಚಿಯನ್ನು ಕೈಯಿಂದ ತಡವಿ ನೋಡಿ ಕೂತಳು.

"ಕೆಳಗಿಂದು ಕಾಣಲ್ಲ ರೀ ನನಗೆ," ಎಂದಳು. "ನಮ್ಮ ಸೋದರತ್ತೆಗೆ ಬಂದಿದ್ದೇ ನನಗೂ ಬಂದಿದೆ." ಮುಚ್ಚಿಟ್ಟದ್ದೆಲ್ಲ ಹೊರಗೆ ಬಂತು: ಪುಸ್ತಿಕೆ, ಬಕೆಟ್ಟು, ಇಲ್ಲದ ಮಂಡಿನೋವು. ಅವನು ಅವತ್ತು ಡಿಪೋಗೆ ನಲವತ್ತು ನಿಮಿಷ ತಡವಾಗಿ ಹೋದ. ಮೂವತ್ತೈದು ವರ್ಷದಲ್ಲಿ ಅದೇ ಮೊದಲು.

ಕಣ್ಣಿನ ವೈದ್ಯೆ ಕತ್ತಲ ಕೋಣೆಯಲ್ಲಿ ಅವಳ ಗಲ್ಲವನ್ನು ಯಂತ್ರಕ್ಕೆ ಆನಿಸಿ, ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಒತ್ತದೆ ಬಹಳ ಹೊತ್ತು ಕಳೆದಾಗಲೆಲ್ಲ ಅವಳು ಚುಕ್ಕಿಗಾಗಿ ಕಣ್ಣು ಅಗಲಿಸಿದಳು. "ಕಣ್ಣಿನ ನರ ಸವೆದಿದೆ. ಹೋಗಿದ್ದು ಬರೋದಿಲ್ಲ," ಎಂದರು ವೈದ್ಯೆ. "ಇರೋದನ್ನ ಉಳಿಸ್ಕೊಳ್ಳೋಣ. ದಿನಾ ಹನಿ ಹಾಕ್ಬೇಕು, ತಪ್ಪಿಸ್ಬಾರ್ದು." ಎಷ್ಟು ವರ್ಷ ಉಳಿಯುತ್ತದೆ ಎಂದು ಗಡಿಯಾರಪ್ಪ ಕೇಳಿದ. ಅದಕ್ಕೆ ವೇಳಾಪಟ್ಟಿ ಇಲ್ಲ ಎಂದರು.

ಮರುದಿನ ಅವಳು ಮಾಲೀಕರಿಗೆ ಎಲ್ಲ ಹೇಳಿದಳು. ಪುಸ್ತಿಕೆಯ ತಪ್ಪು ಅಕ್ಷರ ಜೋಡಿಸುವವನಿಂದ ಬಂದರೂ, ಬಿಟ್ಟವಳು ತಾನು ಎಂದಳು. ರಜೆ ತಗೋ, ಆಮೇಲೆ ನೋಡೋಣ ಎಂದರು ಅವರು. ಆ 'ಆಮೇಲೆ'ಯ ಒಳಗೆ ಏನಿದೆಯೋ ಎಂದು ಅವಳಿಗೆ ಭಯವಾಯಿತು. ಮನೆಗೆ ಬಂದಾಗ ಗಂಡ ಪ್ರವಾಸದ ಕಾಗದಗಳನ್ನು ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದ.

"ಯಾಕೆ ಕಟ್ತಿದೀರಿ?"

"ಇನ್ನೇನು ಮತ್ತೆ. ನಿನ್ನ ಮೆಟ್ಟಿಲ ಮೇಲೆ ಹತ್ತಿಸಿ ನಾನು..." ಅವನು ಗಂಟು ಬಿಗಿದ.

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. "ಈಗಲ್ದೆ ಇನ್ಯಾವಾಗ ನೋಡ್ಲಿ ನಾನು? ಗೀಟು ಹಾಕಿದ್ದೆಲ್ಲ ವಾಪಸ್ ಬರೀರಿ. ಆ ಮೇಲಿನ ಮನೇನೂ ಬರೀರಿ. ಒತ್ತು ಕೈಯಲ್ಲೇ ಹಾಕಿ. ದೊಡ್ಡದಾಗಿ."

ಅವರ ಮನೆ ಮೂರನೇ ಮಹಡಿಯಲ್ಲಿತ್ತು. ನಲವತ್ತೆಂಟು ಮೆಟ್ಟಿಲು. ಮರುದಿನ ಬೆಳಗ್ಗೆಯಿಂದ ಗಡಿಯಾರಪ್ಪ ಒಂದು ಮೆಟ್ಟಿಲು ಮುಂದೆ ಇಳಿಯುವುದು, ಅವಳು ಅವನ ಹೆಗಲ ಮೇಲೆ ಕೈಯಿಟ್ಟು ಹಿಂದೆ ಬರುವುದು ಎಂದಾಯಿತು. ಕೆಳಗೊಂದು ಮೆಟ್ಟಿಲಿದ್ದರೆ ಅವನು "ಒತ್ತು" ಎನ್ನಬೇಕು. ಸಮನೆಲ ಬಂದರೆ "ಖಾಲಿ". ಕೆಳಮನೆಯ ನರ್ಸಮ್ಮ ಬಾಗಿಲು ತೆರೆದು, ಬೆಳಗಾಗೆದ್ದು ಗಂಡಹೆಂಡತಿ ಏನು ಒತ್ತುತ್ತಿದ್ದಾರೆ ಎಂದು ಇಣುಕಿ ನೋಡಿದರು.

ಐದನೇ ದಿನ ಅವನು ಉತ್ಸಾಹದಲ್ಲಿದ್ದ. ಏಳೂ ನಲವತ್ತರ ದೋಣಿ ಈಗ ಏಳೂ ಐವತ್ತಕ್ಕಂತೆ ಎಂದು ಹೇಳುತ್ತ ಇಳಿದವನು, ಕೊನೆಯ ಮೆಟ್ಟಿಲಲ್ಲಿ "ಒತ್ತು" ಎನ್ನುವುದನ್ನು ಮರೆತು ಮುಂದೆ ನಡೆದುಬಿಟ್ಟ. ಹೆಗಲು ಕೈಯಿಂದ ಜಾರಿತು. ಅವಳ ಕಾಲು ಮುಂದೆ ಹೋಯಿತು, ಕೆಳಗೆ ಏನೂ ಸಿಗಲಿಲ್ಲ. ಕಟಕಟೆಯನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಳು. ಒಂದು ಕಾಲು ಗಾಳಿಯಲ್ಲಿ ಆಡುತ್ತಿತ್ತು.

"ನೆಲ ಎಲ್ಲಿ ಹೋಯ್ತು?" ಎಂದು ಕೂಗಿದಳು. ಕೂಗಿದ್ದು ತನ್ನದೇ ಬಾಯಿ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

ಅವನು ತಿರುಗಿ ಬಂದು ಬಗ್ಗಿ, ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಮುಟ್ಟಿಸಿದ. "ಇಲ್ಲೇ ಇದೆ. ಎಲ್ಲೂ ಹೋಗಿಲ್ಲ. ಒತ್ತು," ಎಂದ.

ಸ್ವಲ್ಪ ಹೊತ್ತು ಇಬ್ಬರೂ ಕೊನೆಯ ಮೆಟ್ಟಿಲ ಮೇಲೆ ಕೂತರು. ಹೊರಗೆ ಬೀದಿಯಲ್ಲಿ ಬಸ್ಸೊಂದು ಹೋಯಿತು. ಅವನು ಗಡಿಯಾರ ನೋಡಲಿಲ್ಲ.

"ಅಲ್ಲಿ ಇನ್ನೂರ ಹದಿನಾಲ್ಕು ಇದೆ," ಎಂದಳು ಅವಳು.

"ಗೊತ್ತು."

"ಇಳಿಯೋವಾಗ ಒಂದೂ ಬಿಡಬಾರದು."

"ಬಿಡೋದಿಲ್ಲ."

"ಈಗ ಒಂದು ಬಿಟ್ರಿ."

"ಹೂಂ, ಬಿಟ್ಟೆ," ಎಂದು ಅವನು ಒಪ್ಪಿಕೊಂಡ. ಅವಳು ಅವನ ಹೆಗಲು ಹಿಡಿದು ಎದ್ದಳು. ಇಬ್ಬರೂ ಮತ್ತೆ ಮೂರನೇ ಮಹಡಿಗೆ ಹತ್ತಿದರು, ಮೊದಲಿನಿಂದ ಇಳಿಯಲು.